ಆಸ್ಟ್ರಿಯಾ: ಜನ, ದೊರೆಗಳು, ಬದುಕು – ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಇತಿಹಾಸದ ಮಾತು ಬಂದಾಗಲೆಲ್ಲ ಆಸ್ಟ್ರಿಯಾ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇವು. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರಗಳಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಸುಲಭದವು ಮೊದಲು, ತಲೆಬಿಸಿಯವು ಕೊನೆಗೆ. ಬೇಕಾದ್ದನ್ನು ಮಾತ್ರ ಆರಿಸಿ ಓದಿದರೂ ನಡೆಯುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆಸ್ಟ್ರಿಯಾದ ದೊರೆಗಳ ಕಥೆ ತುಂಬಾ ಹಳೆಯದು, ‘ನಾವು ಆಸ್ಟ್ರಿಯನ್ನರು’ ಅನ್ನುವ ಜನರ ಕಥೆ ತೀರಾ ಇತ್ತೀಚಿನದು. ಎರಡನ್ನೂ ಒಂದೇ ಅಂದುಕೊಂಡರೆ ಅರ್ಧ ಗೊಂದಲ ಅಲ್ಲೇ ಶುರುವಾಗುತ್ತದೆ.

## ಶುರುವಿನ ಪ್ರಶ್ನೆಗಳು

ಆಸ್ಟ್ರಿಯಾ ಅಂದ್ರೆ ಕಾಂಗರೂ ಇರೋ ದೇಶ ಅಲ್ವಾ?

ಅಲ್ಲ, ಅದು ಆಸ್ಟ್ರೇಲಿಯಾ. ಈ ಗೊಂದಲ ನಮ್ಮವರಿಗೆ ಮಾತ್ರ ಅಲ್ಲ, ಇಡೀ ಜಗತ್ತಿಗೇ ಇದೆ. ‘ಆಸ್ಟ್ರಿಯಾದಲ್ಲಿ ಕಾಂಗರೂ ಇಲ್ಲ’ ಎಂದು ಅಚ್ಚು ಹಾಕಿದ ಟೀ ಶರ್ಟುಗಳನ್ನು ಅಲ್ಲಿನ ಅಂಗಡಿಗಳು ಪ್ರವಾಸಿಗರಿಗೆ ಮಾರುತ್ತವೆ. ಆಸ್ಟ್ರಿಯಾ ಇರುವುದು ಯುರೋಪಿನ ನಡುವೆ. ಸುತ್ತ ಎಂಟು ದೇಶಗಳಿವೆ, ಸಮುದ್ರವಿಲ್ಲ. ವಿಸ್ತೀರ್ಣ ಸುಮಾರು 84,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧವೂ ಆಗುವುದಿಲ್ಲ. ಜನಸಂಖ್ಯೆ ಸುಮಾರು 90 ಲಕ್ಷ. ಅದರಲ್ಲಿ 20 ಲಕ್ಷ ಜನ ರಾಜಧಾನಿ ವಿಯೆನ್ನಾ ಒಂದರಲ್ಲೇ ಇದ್ದಾರೆ.

ಅಲ್ಲಿನ ಜನ ಮೂಲತಃ ಯಾರು? ಎಲ್ಲಿಂದ ಬಂದವರು?

ಎಲ್ಲ ಕಡೆಯಿಂದ. ತುಂಬಾ ಹಳೆಯ ಗುರುತು ಸಿಗುವುದು ಹಾಲ್‌ಷ್ಟಾಟ್ ಎಂಬ ಊರಿನಲ್ಲಿ. ಬೆಟ್ಟ ಮತ್ತು ಕೆರೆಯ ನಡುವೆ ಸಿಕ್ಕಿಹಾಕಿಕೊಂಡಂತಿರುವ ಪುಟ್ಟ ಊರು ಅದು. ಅಲ್ಲಿನ ಬೆಟ್ಟದ ಒಳಗೆ ಉಪ್ಪು ಇದೆ. ಆ ಉಪ್ಪನ್ನು ಸಾವಿರಾರು ವರ್ಷಗಳಿಂದ ಅಗೆಯುತ್ತಿದ್ದಾರೆ. 1734ರಲ್ಲಿ ಗಣಿಯೊಳಗೆ ಒಂದು ಹೆಣ ಸಿಕ್ಕಿತು. ಇತಿಹಾಸಕ್ಕೂ ಮೊದಲಿನ ಕಾಲದ ಗಣಿ ಕೆಲಸಗಾರ, ಉಪ್ಪಿನಲ್ಲಿ ಕೊಳೆಯದೆ ಉಳಿದಿದ್ದ. 1846ರಿಂದ ಗಣಿಯ ಮೇಲ್ವಿಚಾರಕ ಯೋಹಾನ್ ಗೇಯೋರ್ಗ್ ರಾಮ್ಸಾವರ್ ಅಲ್ಲಿನ ಹಳೆಯ ಗೋರಿಗಳನ್ನು ಒಂದೊಂದಾಗಿ ತೆರೆಸಿದ. ಪ್ರತಿ ಗೋರಿಯಲ್ಲಿ ಎಲುಬು ಹೇಗಿತ್ತು, ಬಳೆ ಎಲ್ಲಿತ್ತು, ಕತ್ತಿ ಯಾವ ಕಡೆ ಇತ್ತು ಅಂತ ಜಲವರ್ಣದಲ್ಲಿ ಚಿತ್ರ ಬರೆಸಿಟ್ಟ. ಪುರಾತತ್ವ ಶಾಸ್ತ್ರ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಕ್ರಿಸ್ತಪೂರ್ವ 800ರಿಂದ 450ರ ಸುಮಾರಿನ ಮಧ್ಯ ಯುರೋಪಿನ ಸಂಸ್ಕೃತಿಗೆ ವಿದ್ವಾಂಸರು ಇವತ್ತಿಗೂ ಈ ಊರಿನ ಹೆಸರನ್ನೇ ಕೊಡುತ್ತಾರೆ.

ಆಮೇಲೆ ಕೆಲ್ಟ್ ಜನರ ನೋರಿಕಮ್ ರಾಜ್ಯ ಬಂತು, ನಂತರ ರೋಮನ್ನರು. ಡ್ಯಾನ್ಯೂಬ್ ನದಿ ರೋಮ್ ಸಾಮ್ರಾಜ್ಯದ ಗಡಿ. ಅದರ ದಡದ ವಿಂಡೊಬೊನಾ ಎಂಬ ಸೇನಾ ಶಿಬಿರದ ಮೇಲೆಯೇ ಈಗಿನ ವಿಯೆನ್ನಾ ನಿಂತಿದೆ. ರೋಮನ್ನರು ಹೋದ ಮೇಲೆ ಪಶ್ಚಿಮದಿಂದ ಬವೇರಿಯನ್ನರು, ಪೂರ್ವ ಮತ್ತು ದಕ್ಷಿಣದಿಂದ ಸ್ಲಾವ್ ಜನ ಬಂದು ನೆಲೆಸಿದರು. 19ನೇ ಶತಮಾನದಲ್ಲಿ ಚೆಕ್ ಇಟ್ಟಿಗೆ ಕೆಲಸಗಾರರು, ಹಂಗೇರಿಯವರು, ಗಲಿಷಿಯಾದ (ಈಗಿನ ಪೋಲೆಂಡ್, ಯುಕ್ರೇನ್ ನಡುವಿನ ಸೀಮೆ) ಯೆಹೂದಿಗಳು ವಿಯೆನ್ನಾಗೆ ಗುಳೆ ಬಂದರು. ಇವತ್ತಿಗೂ ವಿಯೆನ್ನಾದ ಮನೆಗಳ ಕರೆಗಂಟೆಯ ಪಕ್ಕ ನೋವಾಕ್, ಸ್ವೊಬೊಡಾ ಥರದ ಚೆಕ್ ಅಡ್ಡಹೆಸರು ಎಷ್ಟು ಬೇಕಾದರೂ ಕಾಣುತ್ತವೆ. ಶುದ್ಧ ಆಸ್ಟ್ರಿಯನ್ ರಕ್ತ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಸ್ಟ್ರಿಯಾ ಅನ್ನೋ ಹೆಸರು ಯಾವಾಗಿನದು?

‘ಓಸ್ಟಾರಿಖಿ’ ಎಂಬ ರೂಪದಲ್ಲಿ ಮೊದಲು ಕಾಣುವುದು 996ರ ಒಂದು ದಾನಪತ್ರದಲ್ಲಿ. ಚಕ್ರವರ್ತಿ ಮೂರನೇ ಒಟ್ಟೊ ಒಬ್ಬ ಬಿಷಪ್‌ಗೆ ಜಮೀನು ಕೊಟ್ಟ ಕಾಗದ ಅದು. ‘ಜನ ಓಸ್ಟಾರಿಖಿ ಅಂತ ಕರೆಯುವ ಸೀಮೆಯಲ್ಲಿ’ ಎಂದು ಅದರಲ್ಲಿ ಬರೆದಿದೆ. ಪೂರ್ವದ ಸೀಮೆ ಎಂದು ಅರ್ಥ. ತಮಾಷೆ ಏನೆಂದರೆ, ಆಸ್ಟ್ರಿಯಾದ ಈ ‘ಜನ್ಮಪತ್ರ’ ಇರುವುದು ಜರ್ಮನಿಯ ಮ್ಯೂನಿಕ್ ದಫ್ತರಖಾನೆಯಲ್ಲಿ. 1946ರಲ್ಲಿ, ಯುದ್ಧದಿಂದ ಊರೆಲ್ಲ ಕುಸಿದು ಬಿದ್ದಿದ್ದಾಗಲೇ, ‘ಆಸ್ಟ್ರಿಯಾಗೆ 950 ವರ್ಷ’ ಅಂತ ಉತ್ಸವ ಮಾಡಿದರು. ಹಿಟ್ಲರನ ಆಳ್ವಿಕೆ ಮುಗಿದ ಮರುವರ್ಷವೇ ಇಷ್ಟು ಅವಸರ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

## ದೊರೆಗಳು

ಹ್ಯಾಬ್ಸ್‌ಬರ್ಗ್ ಮನೆತನಕ್ಕಿಂತ ಮೊದಲು ಯಾರು ಆಳಿದರು?

ಬಾಬೆನ್‌ಬರ್ಗ್ ಮನೆತನ, 976ರಿಂದ 1246ರವರೆಗೆ. ಇವರ ಕಾಲದಲ್ಲೇ, 1156ರಲ್ಲಿ, ಆಸ್ಟ್ರಿಯಾ ಗಡಿಸೀಮೆಯಿಂದ ಡ್ಯೂಕ್ ಆಳುವ ನಾಡಾಯಿತು.

ಈ ಮನೆತನದ ಐದನೇ ಲಿಯೊಪೋಲ್ಡ್ ಜಗತ್ತಿಗೆ ಗೊತ್ತಿರುವುದು ಒಂದೇ ಕಾರಣಕ್ಕೆ: ಇಂಗ್ಲೆಂಡಿನ ರಾಜ, ‘ಸಿಂಹಹೃದಯ’ದ ರಿಚರ್ಡ್‌ನನ್ನು ಹಿಡಿದು ಸೆರೆಯಲ್ಲಿಟ್ಟವನು. 1191ರಲ್ಲಿ ಧರ್ಮಯುದ್ಧದಲ್ಲಿ ಆಕ್ರೆ ಕೋಟೆ ಗೆದ್ದಾಗ ಲಿಯೊಪೋಲ್ಡ್ ತನ್ನ ಬಾವುಟವನ್ನೂ ಏರಿಸಿದ. ರಿಚರ್ಡ್‌ನ ಕಡೆಯವರು ಅದನ್ನು ಕಿತ್ತು ಕೆಳಗೆ ಎಸೆದರು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ರಿಚರ್ಡ್ ವೇಷ ಮರೆಸಿಕೊಂಡು ಊರಿಗೆ ಹೋಗುತ್ತಾ ವಿಯೆನ್ನಾ ಪಕ್ಕದಲ್ಲೇ ಸಿಕ್ಕಿಬಿದ್ದ. ಡ್ಯಾನ್ಯೂಬ್ ದಂಡೆಯ ಡ್ಯೂರ್ನ್‌ಷ್ಟೈನ್ ಕೋಟೆಯಲ್ಲಿ ಅವನನ್ನು ಕೂಡಿಹಾಕಿದರು. ಬಿಡಿಸಿಕೊಳ್ಳಲು ಇಂಗ್ಲೆಂಡ್ ಟನ್ನುಗಟ್ಟಲೆ ಬೆಳ್ಳಿ ಕೊಡಬೇಕಾಯಿತು. ಲಿಯೊಪೋಲ್ಡ್‌ನ ಪಾಲಿನ ಬೆಳ್ಳಿಯಲ್ಲಿ ವಿಯೆನ್ನಾದ ಕೋಟೆಗೋಡೆ ಎದ್ದಿತು, ವೀನರ್ ನಾಯ್‌ಷ್ಟಾಟ್ ಎಂಬ ಹೊಸ ಊರೇ ಹುಟ್ಟಿತು.

ಹ್ಯಾಬ್ಸ್‌ಬರ್ಗ್‌ನವರು ಆಸ್ಟ್ರಿಯಾದವರೇ ತಾನೇ?

ಮೂಲದಲ್ಲಿ ಅಲ್ಲ. ಅವರ ಹೆಸರಿನ ಕೋಟೆ ಇರುವುದು ಈಗಿನ ಸ್ವಿಟ್ಜರ್ಲೆಂಡಿನಲ್ಲಿ. 1273ರಲ್ಲಿ ಜರ್ಮನ್ ನಾಡಿನ ರಾಜರುಗಳು ರುಡಾಲ್ಫ್ ಎಂಬ ಹ್ಯಾಬ್ಸ್‌ಬರ್ಗ್ ಕೌಂಟ್‌ನನ್ನು ತಮ್ಮ ದೊರೆಯಾಗಿ ಆರಿಸಿದರು. ವಯಸ್ಸಾದವನು, ಹೆಚ್ಚು ತೊಂದರೆ ಕೊಡಲಾರ ಅಂತ ಅವರ ಲೆಕ್ಕ. ಲೆಕ್ಕ ಪೂರ್ತಿ ತಪ್ಪಿತು. 1278ರಲ್ಲಿ ಮಾರ್ಷ್‌ಫೆಲ್ಡ್ ಬಯಲಿನ ಯುದ್ಧದಲ್ಲಿ, ಆಸ್ಟ್ರಿಯಾವನ್ನು ಹಿಡಿದುಕೊಂಡಿದ್ದ ಬೊಹೀಮಿಯಾದ (ಈಗಿನ ಚೆಕ್ ನಾಡು) ರಾಜ ಒಟ್ಟೊಕಾರ್‌ನನ್ನು ಸೋಲಿಸಿ, 1282ರಲ್ಲಿ ಆಸ್ಟ್ರಿಯಾವನ್ನು ತನ್ನ ಮಕ್ಕಳ ಹೆಸರಿಗೆ ಬರೆದುಕೊಟ್ಟ. ಅಲ್ಲಿಂದ 1918ರವರೆಗೆ ಆ ಮನೆತನ ಅಲುಗಲಿಲ್ಲ.

ಸುಳ್ಳು ದಾಖಲೆ ಸೃಷ್ಟಿಸಿ ಪದವಿ ಪಡೆದರು ಅಂತ ಕೇಳಿದ್ದೇನೆ, ನಿಜನಾ?

ನಿಜ. ಇತಿಹಾಸದ ನನ್ನ ಮೆಚ್ಚಿನ ಫೋರ್ಜರಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. 1356ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ (ಜರ್ಮನ್ ನಾಡುಗಳ ದೊಡ್ಡ ಕೂಟ) ಚಕ್ರವರ್ತಿಯನ್ನು ಆರಿಸುವ ಹಕ್ಕು ಇರುವ ಏಳು ಜನರ ಪಟ್ಟಿ ಹೊರಬಂತು. ಆಸ್ಟ್ರಿಯಾದ ಹೆಸರು ಅದರಲ್ಲಿ ಇರಲಿಲ್ಲ. ಆಗ ಇನ್ನೂ ಹದಿಹರೆಯದಲ್ಲಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ನಾಲ್ಕನೇ ರುಡಾಲ್ಫ್‌ಗೆ ಇದು ಅವಮಾನ ಅನ್ನಿಸಿತು. 1358–59ರಲ್ಲಿ ಅವನ ಕಚೇರಿಯಲ್ಲಿ ಐದು ‘ಪ್ರಾಚೀನ’ ಪತ್ರಗಳು ತಯಾರಾದವು. ಆಸ್ಟ್ರಿಯಾದ ಒಡೆಯನಿಗೆ ವಿಶೇಷ ಕಿರೀಟ, ವಿಶೇಷ ಪದವಿ, ತೆರಿಗೆಯಿಂದ ಬಿಡುಗಡೆ ಎಲ್ಲಾ ಅವುಗಳಲ್ಲಿ ಇತ್ತು. ಸಾಲದ್ದಕ್ಕೆ ಜೂಲಿಯಸ್ ಸೀಸರ್ ಮತ್ತು ನೀರೋ ಬರೆದ ಪತ್ರಗಳೂ ಒಳಗೆ ಸೇರಿದವು!

ಚಕ್ರವರ್ತಿಗೆ ಅನುಮಾನ ಬಂದು ಇಟಲಿಯ ಕವಿ ಪೆಟ್ರಾರ್ಕ್‌ಗೆ ತೋರಿಸಿದ. ಇದನ್ನು ಬರೆದವನು ಕತ್ತೆ ಎಂಬರ್ಥದ ಉತ್ತರ ಬಂತು. ಆದರೂ ರುಡಾಲ್ಫ್ ‘ಆರ್ಚ್‌ಡ್ಯೂಕ್’ ಅಂತ ಕರೆಸಿಕೊಳ್ಳುವುದನ್ನು ಬಿಡಲಿಲ್ಲ. ಸುಮಾರು ನೂರು ವರ್ಷದ ಮೇಲೆ, 1453ರಲ್ಲಿ, ಅದೇ ಮನೆತನದ ಮೂರನೇ ಫ್ರೆಡ್ರಿಕ್ ಚಕ್ರವರ್ತಿಯಾಗಿದ್ದ. ತನ್ನ ಮನೆಯ ಸುಳ್ಳು ಪತ್ರಕ್ಕೆ ತಾನೇ ಮುದ್ರೆ ಒತ್ತಿ ನಿಜ ಮಾಡಿಕೊಂಡ. ನಕಲಿ ಅಂತ ಪಕ್ಕಾ ಆಗಿದ್ದು 1852ರಲ್ಲಿ. ಆ ಹೊತ್ತಿಗೆ ಆರ್ಚ್‌ಡ್ಯೂಕ್ ಪದವಿಯನ್ನು ಯಾರೂ ಪ್ರಶ್ನಿಸುವ ಹಾಗಿರಲಿಲ್ಲ. ಸುಮ್ನೆ ನಕ್ಕು ಬಿಡಬೇಡಿ: ವಿಯೆನ್ನಾ ವಿಶ್ವವಿದ್ಯಾಲಯವನ್ನು 1365ರಲ್ಲಿ ಸ್ಥಾಪಿಸಿದವನೂ ಇದೇ ರುಡಾಲ್ಫ್. ಅದೇ ವರ್ಷ, 25ನೇ ವಯಸ್ಸಿಗೇ ತೀರಿಕೊಂಡ.

ಯುದ್ಧ ಮಾಡದೆ ಬರೀ ಮದುವೆಯಿಂದ ಸಾಮ್ರಾಜ್ಯ ಕಟ್ಟಿದರಂತೆ, ಹೇಗೆ?

‘ಬರೀ’ ಅನ್ನುವುದು ಜಾಸ್ತಿಯಾಯಿತು, ಯುದ್ಧಗಳನ್ನೂ ಬೇಕಾದಷ್ಟು ಮಾಡಿದ್ದಾರೆ. ಆದರೆ ಮೂರು ಸಂಬಂಧಗಳು ನಿಜಕ್ಕೂ ನಕ್ಷೆಯನ್ನೇ ಬದಲಿಸಿದವು. 1477ರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಯನ್ನು ಮದುವೆಯಾದ, ಶ್ರೀಮಂತ ನೆದರ್‌ಲ್ಯಾಂಡ್ಸ್ ಕೈಗೆ ಬಂತು. 1496ರಲ್ಲಿ ಅವನ ಮಗ ಫಿಲಿಪ್ ಸ್ಪೇನಿನ ಹುವಾನಾಳನ್ನು ಮದುವೆಯಾದ. ಅವಳಿಗೆ ಅಣ್ಣ, ಅಕ್ಕ ಇದ್ದರು, ಸಿಂಹಾಸನ ಬರುವ ಯೋಗವೇ ಇರಲಿಲ್ಲ. ಅವರೆಲ್ಲ ಒಬ್ಬೊಬ್ಬರಾಗಿ ತೀರಿಹೋದರು. ಅವರ ಮಗ ಐದನೇ ಚಾರ್ಲ್ಸ್‌ಗೆ ಸ್ಪೇನ್ ಬಂತು, ಜೊತೆಗೆ ಅಮೆರಿಕದ ವಸಾಹತುಗಳೂ ಬಂದವು.

ಮೂರನೆಯದು 1515ರ ವಿಯೆನ್ನಾದ ಜೋಡಿ ಮದುವೆ. ಮ್ಯಾಕ್ಸಿಮಿಲಿಯನ್ ತನ್ನ ಮೊಮ್ಮಗಳನ್ನು ಹಂಗೇರಿಯ ರಾಜಕುಮಾರನಿಗೆ ಕೊಟ್ಟು, ಅಲ್ಲಿನ ರಾಜಕುಮಾರಿಯನ್ನು ತನ್ನ ಮೊಮ್ಮಗನಿಗೆ ತಂದುಕೊಂಡ. 1526ರಲ್ಲಿ ಹಂಗೇರಿಯ ಎಳೆಯ ರಾಜ ಮೊಹಾಚ್ ಯುದ್ಧದಲ್ಲಿ ತುರ್ಕರ ಎದುರು ಸತ್ತ, ಮಕ್ಕಳಿರಲಿಲ್ಲ. ಬೊಹೀಮಿಯಾ, ಹಂಗೇರಿ ಎರಡರ ಮೇಲೂ ಹ್ಯಾಬ್ಸ್‌ಬರ್ಗ್ ಫರ್ಡಿನಾಂಡ್‌ಗೆ ಹಕ್ಕು ಬಂತು. ಮದುವೆಗಿಂತ ಬೀಗರ ಮನೆಯ ಸಾವುಗಳೇ ಈ ಸಾಮ್ರಾಜ್ಯವನ್ನು ಕಟ್ಟಿದವು ಅಂದರೆ ಹೆಚ್ಚು ಸರಿ.

ರಕ್ತಸಂಬಂಧದ ಮದುವೆಯಿಂದ ಅವರ ಗಲ್ಲ ಸೊಟ್ಟಗಾಯಿತು ಅಂತಾರೆ. ನಮ್ಮಲ್ಲೂ ಸೋದರಮಾವನ ಜೊತೆ ಮದುವೆ ಇದೆಯಲ್ಲ, ನಮಗೆ ಯಾಕೆ ಹಾಗಾಗಲಿಲ್ಲ?

ಕನ್ನಡಿಗರು ಮಾತ್ರ ಕೇಳಬಹುದಾದ ಪ್ರಶ್ನೆ ಇದು! ಸ್ಪೇನಿನಲ್ಲಿ ಆಳಿದ ಹ್ಯಾಬ್ಸ್‌ಬರ್ಗ್ ಕವಲಿನಲ್ಲಿ ನಾಲ್ಕನೇ ಫಿಲಿಪ್ ತನ್ನ ಸ್ವಂತ ತಂಗಿಯ ಮಗಳನ್ನೇ ಮದುವೆಯಾದ. ಇಷ್ಟೇ ಆಗಿದ್ದರೆ ಅಪಾಯ ಒಂದು ಮಿತಿಯಲ್ಲಿರುತ್ತಿತ್ತು. ಆದರೆ ಅವನ ಹಿಂದಿನ ತಲೆಮಾರುಗಳಲ್ಲೂ ಸೋದರಮಾವ–ಸೊಸೆ, ಅಣ್ಣತಮ್ಮಂದಿರ ಮಕ್ಕಳ ನಡುವಿನ ಮದುವೆಗಳೇ ಸಾಲುಸಾಲಾಗಿ ನಡೆದಿದ್ದವು, ಅದೂ ಎರಡೇ ಕುಟುಂಬಗಳ ನಡುವೆ. ಫಿಲಿಪ್‌ನ ಮಗ ಎರಡನೇ ಚಾರ್ಲ್ಸ್‌ಗೆ ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಕ್ಕಳಾಗಲಿಲ್ಲ. ಅವನ ವಂಶಾವಳಿಯನ್ನು ತಳಿಶಾಸ್ತ್ರಜ್ಞರು 2009ರಲ್ಲಿ ಲೆಕ್ಕ ಹಾಕಿದರು. ಒಡಹುಟ್ಟಿದವರಿಬ್ಬರಿಗೆ ಮಗುವಾದರೆ ಎಷ್ಟು ಅಪಾಯವೋ ಅಷ್ಟೇ ಅವನಿಗೂ ಇತ್ತು ಅಂತ ತಿಳಿಯಿತು. 1700ರಲ್ಲಿ ಅವನು ಸತ್ತಾಗ ಸ್ಪೇನ್ ಕೈಬಿಟ್ಟಿತು.

ನಮ್ಮಲ್ಲಿ ಏನೂ ಆಗಲೇ ಇಲ್ಲ ಅನ್ನುವುದೂ ಸರಿಯಲ್ಲ. ಹತ್ತಿರದ ಸಂಬಂಧದಲ್ಲಿ ಕೆಲವು ಹುಟ್ಟುಕಾಯಿಲೆಗಳ ಸಾಧ್ಯತೆ ಹೆಚ್ಚು ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ನಮ್ಮ ಸಂಬಂಧಗಳು ಎರಡೇ ಮನೆಗಳಿಗೆ ಸೀಮಿತವಾಗಿರಲಿಲ್ಲ, ವ್ಯತ್ಯಾಸ ಅಷ್ಟೇ.

ತುರ್ಕರು ಬಿಟ್ಟುಹೋದ ಮೂಟೆಗಳಿಂದ ವಿಯೆನ್ನಾಗೆ ಕಾಫಿ ಬಂತಂತೆ?

ಕಥೆ ಚೆನ್ನಾಗಿದೆ, ಅಷ್ಟೇ. ಮುತ್ತಿಗೆ ನಿಜ. ತುರ್ಕರು 1529ರಲ್ಲಿ ಒಮ್ಮೆ, 1683ರಲ್ಲಿ ಇನ್ನೊಮ್ಮೆ ವಿಯೆನ್ನಾವನ್ನು ಸುತ್ತುವರಿದರು. ಎರಡನೇ ಬಾರಿ ಎರಡು ತಿಂಗಳು ಹಿಡಿದು ನಿಂತ ಊರನ್ನು ಸೆಪ್ಟೆಂಬರ್ 12ರಂದು ಪೋಲೆಂಡಿನ ರಾಜ ಯಾನ್ ಸೋಬಿಯೆಸ್ಕಿ ಮತ್ತು ಜರ್ಮನ್ ಸೇನೆಗಳು ಸೇರಿ ಬಿಡಿಸಿದವು. ಕೋಲ್ಷಿಟ್ಸ್ಕಿ ಎಂಬ ಗೂಢಚಾರನಿಗೆ ತುರ್ಕರ ಕಾಫಿಬೀಜ ಬಹುಮಾನವಾಗಿ ಸಿಕ್ಕಿತು, ಅವನೇ ಮೊದಲ ಕಾಫಿ ಅಂಗಡಿ ಇಟ್ಟ ಅನ್ನುವುದು ದಂತಕಥೆ. ಅವನಿಗೆ ವಿಯೆನ್ನಾದಲ್ಲಿ ಪ್ರತಿಮೆಯೂ ಇದೆ. ದಾಖಲೆಯಲ್ಲಿ ಇರುವುದು ಬೇರೆ ಹೆಸರು: 1685ರಲ್ಲಿ ಕಾಫಿ ಮಾರಲು ಪರವಾನಗಿ ಪಡೆದ ಯೊಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯನ್ ವ್ಯಾಪಾರಿ.

ಮರಿಯಾ ತೆರೇಸಾ ಚಕ್ರವರ್ತಿನಿ ಆಗಿದ್ದಳಾ ಇಲ್ವಾ?

ಎಲ್ಲರೂ ಹಾಗೆ ಕರೆಯುತ್ತಿದ್ದರು, ಕಾಗದದ ಮೇಲೆ ಅವಳು ಚಕ್ರವರ್ತಿಯ ಹೆಂಡತಿ. ಪವಿತ್ರ ರೋಮನ್ ಸಾಮ್ರಾಜ್ಯದ ಪಟ್ಟ ಹೆಂಗಸರಿಗೆ ಸಿಗುತ್ತಿರಲಿಲ್ಲ, ಅದು 1745ರಲ್ಲಿ ಅವಳ ಗಂಡ ಫ್ರಾನ್ಜ್ ಷ್ಟೆಫಾನ್‌ಗೆ ಹೋಯಿತು. ಆದರೆ ಆಸ್ಟ್ರಿಯಾ, ಬೊಹೀಮಿಯಾ, ಹಂಗೇರಿಗಳನ್ನು ಆಳಿದವಳು ಅವಳೇ. ಹಂಗೇರಿಯವರು 1741ರಲ್ಲಿ ಅವಳಿಗೆ ‘ರಾಜ’ ಎಂದೇ ಪಟ್ಟ ಕಟ್ಟಿದರು.

1740ರಲ್ಲಿ ಅಪ್ಪ ಸತ್ತಾಗ ಅವಳಿಗೆ 23 ವರ್ಷ, ಬಸುರಿ. ಮಗಳಿಗೆ ರಾಜ್ಯ ಸಲ್ಲಬೇಕು ಅಂತ ಅಪ್ಪ ಯುರೋಪಿನ ದೊರೆಗಳಿಂದ ವರ್ಷಗಟ್ಟಲೆ ಸಹಿ ಹಾಕಿಸಿಕೊಂಡಿದ್ದ. ಅವನು ಕಣ್ಣು ಮುಚ್ಚಿದ ಎರಡೇ ತಿಂಗಳಲ್ಲಿ ಉತ್ತರ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ ಫ್ರೆಡ್ರಿಕ್ ಸೈಲೀಷಿಯಾಗೆ ನುಗ್ಗಿದ. ಆ ಪ್ರಾಂತ್ಯ ಅವಳಿಗೆ ವಾಪಸ್ ಸಿಗಲೇ ಇಲ್ಲ. ಉಳಿದದ್ದನ್ನು ಮಾತ್ರ ಗಟ್ಟಿಯಾಗಿ ಹಿಡಿದಳು. 16 ಮಕ್ಕಳನ್ನು ಹೆತ್ತಳು, ಫ್ರಾನ್ಸಿನ ಮರಿ ಆಂಟುವಾನೆಟ್ ಅವರಲ್ಲಿ ಒಬ್ಬಳು. 1770ರಲ್ಲಿ ಸೈನ್ಯಕ್ಕೆ ಜನರನ್ನು ಎಣಿಸಲು ಮನೆಮನೆಗೂ ನಂಬರು ಹಾಕಿಸಿದಳು. 1774ರಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು ಅಂತ ಕಾನೂನು ತಂದಳು. ‘ನಾಡಿನ ತಾಯಿ’ ಅಂತ ಹೊಗಳುವವರು ಒಂದನ್ನು ಮರೆಯುತ್ತಾರೆ: 1744ರ ಕೊನೆಯಲ್ಲಿ ಪ್ರಾಗ್‌ನ ಯೆಹೂದಿಗಳನ್ನೆಲ್ಲ ಊರುಬಿಡಿಸಲು ಆಜ್ಞೆ ಹೊರಡಿಸಿದವಳೂ ಅವಳೇ.

ಅವಳ ಮಗ ಶವಪೆಟ್ಟಿಗೆಯನ್ನೂ ಉಳಿತಾಯ ಮಾಡಿಸಿದ ಅನ್ನೋದು ತಮಾಷೆನಾ?

ತಮಾಷೆಯಲ್ಲ. ಎರಡನೇ ಜೋಸೆಫ್ 1784ರಲ್ಲಿ ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ಬಳಸಬೇಕು ಅಂದ. ತಳದಲ್ಲಿ ಬಾಗಿಲು, ಕೊಂಡಿ ತೆಗೆದರೆ ಹೆಣ ಗುಂಡಿಗೆ ಬೀಳುತ್ತದೆ, ಪೆಟ್ಟಿಗೆ ಮುಂದಿನವರಿಗೆ. ವಿಯೆನ್ನಾದವರಿಗೆ ಅಂತ್ಯಸಂಸ್ಕಾರ ಅದ್ದೂರಿಯಾಗಿ ನಡೆಯಬೇಕು. ಎಷ್ಟು ಗಲಾಟೆಯಾಯಿತೆಂದರೆ 1785ರಲ್ಲಿ ಆಜ್ಞೆ ವಾಪಸ್ ಹೋಯಿತು. ಇದೇ ದೊರೆ 1781ರಲ್ಲಿ ಬೇರೆ ಪಂಥದ ಕ್ರೈಸ್ತರಿಗೆ ಪೂಜೆಯ ಸ್ವಾತಂತ್ರ್ಯ ಕೊಟ್ಟ, ರೈತರ ಜೀತ ತೆಗೆದ, ವಿಯೆನ್ನಾದಲ್ಲಿ ದೊಡ್ಡಾಸ್ಪತ್ರೆ ತೆರೆದ. ಒಳ್ಳೆಯದನ್ನೂ ಆಜ್ಞೆಯಿಂದಲೇ ಮಾಡಿಸುವ ಹಟ ಅವನದು.

ಸಿಸಿ ರಾಣಿ ನಿಜವಾಗಿಯೂ ಸಿನಿಮಾದಲ್ಲಿ ತೋರಿಸಿದ ಹಾಗೆ ಇದ್ದಳಾ?

1950ರ ದಶಕದ ಸಿನಿಮಾಗಳ ನಗುಮುಖದ ಹುಡುಗಿಯಲ್ಲ. ಬವೇರಿಯಾದ ಎಲಿಜಬೆತ್ 16ನೇ ವಯಸ್ಸಿಗೆ, 1854ರಲ್ಲಿ, ಚಕ್ರವರ್ತಿ ಫ್ರಾನ್ಜ್ ಜೋಸೆಫ್‌ನ ಹೆಂಡತಿಯಾದಳು. ಅರಮನೆಯ ಕಟ್ಟಳೆ ಅವಳಿಗೆ ಒಗ್ಗಲಿಲ್ಲ. ವರ್ಷದ ಬಹುಭಾಗ ಊರೂರು ಸುತ್ತುತ್ತಿದ್ದಳು. 1889ರಲ್ಲಿ ಒಬ್ಬನೇ ಮಗ ರುಡಾಲ್ಫ್ ಮೇಯರ್ಲಿಂಗ್‌ನಲ್ಲಿ ತನ್ನ 17ರ ಪ್ರೇಯಸಿಯನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡ. 1898ರಲ್ಲಿ ಜಿನೀವಾ ಸರೋವರದ ದಡದಲ್ಲಿ ಲುಕೇನಿ ಎಂಬ ಅರಾಜಕತಾವಾದಿ ಚೂಪು ಮಾಡಿದ ಅರದಿಂದ ಅವಳ ಎದೆಗೆ ತಿವಿದ. ಇತ್ತ ಗಂಡ 18ನೇ ವಯಸ್ಸಿಗೆ ಪಟ್ಟಕ್ಕೆ ಬಂದು 68 ವರ್ಷ ಆಳಿದ. ಕಬ್ಬಿಣದ ಮಂಚದ ಮೇಲೆ ಮಲಗಿ, ನಸುಕಿಗೇ ಎದ್ದು ಕಡತ ನೋಡುತ್ತಿದ್ದ. ದೊರೆಗಿಂತ ಹೆಡ್ ಗುಮಾಸ್ತನ ಲಕ್ಷಣವೇ ಅವನಲ್ಲಿ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

## ಸಂಗೀತ, ಕಾಫಿ, ಕಲೆ

ಮೊಜಾರ್ಟ್, ಬೀಥೋವನ್ ಇಬ್ಬರೂ ಆಸ್ಟ್ರಿಯಾದವರಾ?

ಬೀಥೋವನ್ ಹುಟ್ಟಿದ್ದು ಜರ್ಮನಿಯ ಬಾನ್‌ನಲ್ಲಿ. 1792ರಲ್ಲಿ ವಿಯೆನ್ನಾಗೆ ಬಂದವನು ಸಾಯುವವರೆಗೂ, ಅಂದರೆ 1827ರವರೆಗೆ, ಅಲ್ಲೇ ಇದ್ದ. ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ. ಅದು ಆಗ ಆಸ್ಟ್ರಿಯಾಗೆ ಸೇರಿರಲೇ ಇಲ್ಲ, ಆರ್ಚ್‌ಬಿಷಪ್ ಆಳುತ್ತಿದ್ದ ಬೇರೆ ಸಂಸ್ಥಾನ. ಆಸ್ಟ್ರಿಯಾಗೆ ಖಾಯಂ ಆಗಿ ಸೇರಿದ್ದು 1816ರಲ್ಲಿ. ‘ಬೀಥೋವನ್ ಆಸ್ಟ್ರಿಯನ್, ಹಿಟ್ಲರ್ ಜರ್ಮನ್ ಅಂತ ಜಗತ್ತನ್ನು ನಂಬಿಸಿದ ಜಾಣರು’ ಎಂಬ ಹಳೇ ಜೋಕಿನಲ್ಲಿ ಆಸ್ಟ್ರಿಯನ್ನರನ್ನು ಕೆಣಕುವುದುಂಟು (ಹಿಟ್ಲರ್ ಹುಟ್ಟಿದ್ದು ಆಸ್ಟ್ರಿಯಾದಲ್ಲಿ).

ಸಂಗೀತಗಾರರು ವಿಯೆನ್ನಾಗೇ ಯಾಕೆ ಬಂದರು? ದುಡ್ಡು ಅಲ್ಲಿತ್ತು. ಅರಮನೆ, ಚರ್ಚು, ನೂರಾರು ಶ್ರೀಮಂತ ಮನೆತನಗಳು ಒಂದೇ ಊರಿನಲ್ಲಿ. ಹೈಡನ್‌ನಂಥವನು ಎಸ್ಟರ್‌ಹಾಜಿ ಮನೆತನದಲ್ಲಿ ಸಮವಸ್ತ್ರ ತೊಟ್ಟ ನೌಕರನಾಗಿಯೇ ದಶಕಗಳ ಕಾಲ ಬರೆದ.

ವಿಯೆನ್ನಾ ಕಾಫಿ ಹೌಸ್‌ನಲ್ಲಿ ಅಂಥದ್ದೇನಿದೆ?

ಯಾರೂ ಎಬ್ಬಿಸುವುದಿಲ್ಲ. ಅಮೃತಶಿಲೆಯ ಪುಟ್ಟ ಮೇಜು, ಬೆತ್ತದ ಹಿಡಿಕೆಗೆ ಸಿಕ್ಕಿಸಿದ ದಿನಪತ್ರಿಕೆ, ಬೆಳ್ಳಿಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ನೀರಿನ ಲೋಟ, ಅದರ ಬಾಯಿಯ ಮೇಲೆ ಮಗುಚಿಟ್ಟ ಚಮಚ. ಒಂದು ಕಪ್‌ಗೆ ಮಧ್ಯಾಹ್ನ ಪೂರ್ತಿ ಕೂರಬಹುದು. ಚಳಿಗಾಲದಲ್ಲಿ ಇಕ್ಕಟ್ಟಿನ ಬಾಡಿಗೆ ಕೋಣೆಗಳಲ್ಲಿ ಇದ್ದವರಿಗೆ ಅದೇ ಪಡಸಾಲೆ, ಅದೇ ವಾಚನಾಲಯ. ಕಾಫೆ ಸೆಂಟ್ರಾಲ್‌ನಲ್ಲಿ ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿ ಚೆಸ್ ಆಡುತ್ತಿದ್ದ. ಬೈ-ಟೂ ಮಾತ್ರ ಕೇಳಬೇಡಿ.

1900ರ ಸುಮಾರಿಗೆ ಅಷ್ಟೊಂದು ಪ್ರತಿಭಾವಂತರು ಒಂದೇ ಊರಲ್ಲಿ ಹೇಗೆ?

ಮನೋವಿಶ್ಲೇಷಣೆಯ ಫ್ರಾಯ್ಡ್, ಸಂಗೀತಗಾರ ಮಾಲರ್, ವಾಸ್ತುಶಿಲ್ಪಿ ಆಡಾಲ್ಫ್ ಲೋಸ್ ಮೂವರೂ ಹುಟ್ಟಿದ್ದು ಈಗಿನ ಚೆಕ್ ನಾಡಿನಲ್ಲಿ. ಸಾಮ್ರಾಜ್ಯದ ಮೂಲೆಮೂಲೆಯಿಂದ ಓದಲು, ದುಡಿಯಲು ಬಂದವರಿಂದಲೇ 1910ಕ್ಕೆ ವಿಯೆನ್ನಾದ ಜನಸಂಖ್ಯೆ 20 ಲಕ್ಷ ದಾಟಿತ್ತು. 1867ರಲ್ಲಿ ಯೆಹೂದಿಗಳಿಗೆ ಸಮಾನ ಹಕ್ಕು ಸಿಕ್ಕಿದ ಮೇಲೆ ಅವರ ಮಕ್ಕಳು ವೈದ್ಯಕೀಯ, ಪತ್ರಿಕೆ, ಸಂಗೀತಗಳಲ್ಲಿ ಮೇಲೆ ಬಂದರು. ಅದೇ ಊರಿನ ಮೇಯರ್ ಕಾರ್ಲ್ ಲೂಗರ್ ಯೆಹೂದಿ ದ್ವೇಷವನ್ನೇ ಓಟಾಗಿ ಮಾಡಿಕೊಂಡಿದ್ದ. 1918ರಲ್ಲಿ ಚಿತ್ರಕಾರರಾದ ಕ್ಲಿಮ್ಟ್, ಷೀಲೆ, ವಾಸ್ತುಶಿಲ್ಪಿ ಒಟ್ಟೊ ವಾಗ್ನರ್, ವಿನ್ಯಾಸಕಾರ ಕೊಲೊಮಾನ್ ಮೋಸರ್ ನಾಲ್ವರೂ ತೀರಿಕೊಂಡರು. ಸಾಮ್ರಾಜ್ಯವೂ ಅದೇ ವರ್ಷ ಮುಗಿಯಿತು.

## ನಮ್ಮ ನಾಡಿನ ಕೊಂಡಿ

ಆಸ್ಟ್ರಿಯಾಗೂ ಕರ್ನಾಟಕಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಹೈದರ್ ಅಲಿಯ ಕಾಲದಲ್ಲಿ. ವಿಲಿಯಂ ಬೋಲ್ಟ್ಸ್ ಎಂಬವನು ಬಂಗಾಳದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದು, ಜಗಳವಾಡಿ ಹೊರಬಿದ್ದವನು. ಆ ಸಿಟ್ಟಿನಲ್ಲಿ ವಿಯೆನ್ನಾಗೆ ಹೋಗಿ, 1775ರಲ್ಲಿ ಮರಿಯಾ ತೆರೇಸಾಳಿಂದ ಪೂರ್ವ ದೇಶಗಳ ವ್ಯಾಪಾರಕ್ಕೆ ಸನದು ಪಡೆದ. ‘ಜೋಸೆಫ್ ಮತ್ತು ತೆರೇಸಾ’ ಎಂಬ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ. ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರ್ ಅಲಿಯನ್ನು ಕಂಡು ಮಂಗಳೂರು, ಕಾರವಾರ ಮತ್ತು ಕಣ್ಣೂರು ಹತ್ತಿರದ ವಳಪಟ್ಟಣಂನಲ್ಲಿ ವ್ಯಾಪಾರದ ಕೋಠಿ ತೆರೆಯಲು ಅನುಮತಿ ಪಡೆದುಕೊಂಡ. ಇಂಗ್ಲಿಷರನ್ನು ಕಂಡರಾಗದ ಹೈದರ್‌ಗೆ ಇನ್ನೊಬ್ಬ ಯುರೋಪಿಯನ್ ಗಿರಾಕಿ ಸಿಕ್ಕರೆ ಬೇಡ ಅನ್ನುತ್ತಾನಾ?

1778ರಲ್ಲಿ ಅದೇ ತಂಡ ನಿಕೋಬಾರ್ ದ್ವೀಪಗಳಲ್ಲೂ ಆಸ್ಟ್ರಿಯಾದ ಬಾವುಟ ನೆಟ್ಟಿತು. ಅಲ್ಲಿನ ‘ತೆರೆಸಾ’ ದ್ವೀಪಕ್ಕೆ ಈಗಲೂ ರಾಣಿಯ ಹೆಸರೇ. ಆದರೆ ಬೋಲ್ಟ್ಸ್‌ಗೆ ಸಾಲ ತಲೆಮಟ್ಟ ಏರಿತು, 1785ರ ಹೊತ್ತಿಗೆ ಕಂಪನಿ ದಿವಾಳಿ.

ಇನ್ನೊಂದು ಕೊಂಡಿ ಮೈಸೂರಿನದು. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣ ಕೊಟ್ಟರು. ಸಾಲ್ಸ್‌ಬರ್ಗ್‌ನ ಹೆರ್ಬರ್ಟ್ ಫಾನ್ ಕಾರಾಯಾನ್ ಆ ವೃಂದ ನಡೆಸುತ್ತಿದ್ದ ದಿನಗಳವು. ಮಹಾರಾಜರ ಇಷ್ಟದ ಕೃತಿಗಳೂ ಆಗ ಧ್ವನಿಮುದ್ರಣವಾದವು.

ಸುಭಾಷ್ ಚಂದ್ರ ಬೋಸ್ ವಿಯೆನ್ನಾದಲ್ಲಿ ಇದ್ದದ್ದು ಯಾಕೆ?

ಚಿಕಿತ್ಸೆಗೆ. ಬ್ರಿಟಿಷರ ಜೈಲಿನಲ್ಲಿ ಆರೋಗ್ಯ ಕೆಟ್ಟು 1933ರಲ್ಲಿ ಅಲ್ಲಿಗೆ ಹೋದರು. ಪುಸ್ತಕ ಬರೆಯಲು ಸಹಾಯಕಿಯಾಗಿ ಬಂದ ಎಮಿಲಿ ಷೆಂಕ್ಲ್ ಅವರ ಬಾಳಸಂಗಾತಿಯಾದರು. ಮಗಳು ಅನಿತಾ 1942ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು.

## ಕಷ್ಟದ ಪ್ರಶ್ನೆಗಳು

ಅಷ್ಟು ದೊಡ್ಡ ಸಾಮ್ರಾಜ್ಯ 1918ರಲ್ಲಿ ಏಕಾಏಕಿ ಹೇಗೆ ಕುಸಿಯಿತು?

1910ರಲ್ಲಿ ಅಲ್ಲಿ ಸುಮಾರು 5 ಕೋಟಿ ಜನ. ಜರ್ಮನ್ ಮಾತಾಡುವವರು ಕಾಲು ಭಾಗಕ್ಕಿಂತ ಕಡಿಮೆ. ನಮ್ಮ ನೋಟಿನ ಮೇಲೆ ಹಲವು ಭಾಷೆಗಳಲ್ಲಿ ಬೆಲೆ ಬರೆದಿರುವ ಹಾಗೆ ಅವರ ನೋಟಿನ ಮೇಲೂ ಜರ್ಮನ್, ಹಂಗೇರಿಯನ್ ಜೊತೆಗೆ ಇನ್ನೂ ಎಂಟು ಭಾಷೆಗಳಿದ್ದವು. 1866ರಲ್ಲಿ ಪ್ರಷ್ಯಾ ಎದುರು ಸೋತ ಮೇಲೆ, 1867ರಲ್ಲಿ ಚಕ್ರವರ್ತಿ ಹಂಗೇರಿಯವರಿಗೆ ಅರ್ಧ ಅಧಿಕಾರ ಬಿಟ್ಟುಕೊಟ್ಟ. ಚೆಕ್ಕರು ‘ನಮಗೆ?’ ಎಂದು ಕೇಳಿದರು. ಅದಕ್ಕೆ ಕೊನೆಯವರೆಗೂ ಉತ್ತರ ಬರಲಿಲ್ಲ.

ಆದರೂ ಒಡೆಯಲೇಬೇಕಿತ್ತು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. 1914ಕ್ಕಿಂತ ಮೊದಲು ಹೆಚ್ಚಿನವರು ಕೇಳುತ್ತಿದ್ದದ್ದು ತಮ್ಮ ಭಾಷೆಯ ಶಾಲೆ, ತಮ್ಮ ಭಾಷೆಯ ಕಚೇರಿ. ಬೇರೆ ದೇಶವನ್ನಲ್ಲ. ಕೊಂದದ್ದು ಯುದ್ಧ. 1914ರ ಜೂನ್ 28ರಂದು ಸರಾಯೆವೊದಲ್ಲಿ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಕೊಲೆಯಾದ ಮೇಲೆ ಸರ್ಬಿಯಾದ ಮೇಲೆ ಯುದ್ಧ ಹೂಡಿದ್ದು ವಿಯೆನ್ನಾ. ನಾಲ್ಕು ವರ್ಷದ ಹಸಿವಿನಲ್ಲಿ ದೊರೆಯ ಮೇಲಿದ್ದ ನಂಬಿಕೆ ಕರಗಿಹೋಯಿತು.

ಹಿಟ್ಲರ್ ಬಂದಾಗ ಆಸ್ಟ್ರಿಯಾ ಬಲಿಪಶುವಾ, ಪಾಲುದಾರನಾ?

ದೇಶವಾಗಿ ಆಕ್ರಮಣಕ್ಕೆ ಒಳಗಾಯಿತು, ಜನರಲ್ಲಿ ದೊಡ್ಡ ಪಾಲು ಅದನ್ನು ಸ್ವಾಗತಿಸಿತು. ಎರಡೂ ನಿಜ. 1918ರಲ್ಲಿ ಹೊಸ ಗಣರಾಜ್ಯ ತನ್ನನ್ನು ಜರ್ಮನಿಯ ಭಾಗ ಅಂತಲೇ ಘೋಷಿಸಿಕೊಂಡಿತ್ತು. 1919ರ ಸೇಂಟ್ ಜರ್ಮೇನ್ ಒಪ್ಪಂದ ಅದನ್ನು ತಡೆಯಿತು. ಬಡತನ, 1934ರ ಅಂತರ್ಯುದ್ಧ, ಸರ್ವಾಧಿಕಾರ ಎಲ್ಲ ಆದ ಮೇಲೆ 1938ರ ಮಾರ್ಚ್ 12ಕ್ಕೆ ಜರ್ಮನ್ ಸೇನೆ ಒಳಬಂತು. ಮೂರು ದಿನದ ಮೇಲೆ ವಿಯೆನ್ನಾದ ಹೆಲ್ಡೆನ್‌ಪ್ಲಾಟ್ಸ್ ಮೈದಾನದಲ್ಲಿ ಹಿಟ್ಲರನಿಗೆ ಜೈಕಾರ ಹಾಕಲು ಸೇರಿದ ಜನಸಾಗರವನ್ನು ಯಾರೂ ಬಂದೂಕು ತೋರಿಸಿ ಕರೆತಂದಿರಲಿಲ್ಲ. ಅದೇ ವಾರ ನೆರೆಹೊರೆಯವರೇ ಯೆಹೂದಿಗಳನ್ನು ಮಂಡಿಯೂರಿಸಿ ಬೀದಿಯ ಕಲ್ಲು ಉಜ್ಜಿಸಿದರು. ಸುಮಾರು 2 ಲಕ್ಷ ಯೆಹೂದಿಗಳಲ್ಲಿ ಸುಮಾರು 65,000 ಮಂದಿ ಕೊಲೆಯಾದರು.

1943ರಲ್ಲಿ ಮಿತ್ರರಾಷ್ಟ್ರಗಳು ಆಸ್ಟ್ರಿಯಾವನ್ನು ‘ಹಿಟ್ಲರನ ಮೊದಲ ಬಲಿ’ ಅಂದವು. ಯುದ್ಧವಾದ ಮೇಲೆ ದೇಶ ಆ ಮಾತನ್ನೇ ಹೊದ್ದು ಮಲಗಿತು. 1986ರಲ್ಲಿ ಕುರ್ಟ್ ವಾಲ್ಡ್‌ಹೈಮ್ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವನ ಯುದ್ಧಕಾಲದ ಸೇನಾ ಸೇವೆಯ ಮುಚ್ಚಿಟ್ಟ ಭಾಗ ಹೊರಬಂತು. ಆದರೂ ಗೆದ್ದ. ಆದರೆ ಚರ್ಚೆ ನಿಲ್ಲಲಿಲ್ಲ. 1991ರಲ್ಲಿ ಚಾನ್ಸಲರ್ ವ್ರಾನಿಟ್ಸ್ಕಿ ಸಂಸತ್ತಿನಲ್ಲಿ ಆಸ್ಟ್ರಿಯನ್ನರ ಹೊಣೆಯನ್ನು ಒಪ್ಪಿಕೊಂಡರು. ನಾಜಿಗಳು ಕಿತ್ತುಕೊಂಡಿದ್ದ ಕ್ಲಿಮ್ಟ್‌ನ ಚಿನ್ನದ ಬಣ್ಣದ, ಆಡೆಲೆ ಎಂಬ ಮಹಿಳೆಯ ಚಿತ್ರ ವಾರಸುದಾರರ ಕೈಸೇರಿದ್ದು 2006ರಲ್ಲಿ.

ರಷ್ಯಾ ಸೇನೆ ಆಸ್ಟ್ರಿಯಾ ಬಿಟ್ಟು ಹೋಗಿದ್ದು ಹೇಗೆ? ಬೇರೆಲ್ಲೂ ಹೋಗಲಿಲ್ವಲ್ಲ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಹತ್ತು ವರ್ಷ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಈ ನಾಲ್ಕು ದೇಶಗಳ ಸೇನೆ ಅಲ್ಲಿತ್ತು. ಸ್ಟಾಲಿನ್ ಸತ್ತ ಮೇಲೆ ಮಾಸ್ಕೋ ಸ್ವಲ್ಪ ಸಡಿಲವಾಯಿತು. 1953ರಲ್ಲಿ ಆಸ್ಟ್ರಿಯಾದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಸ್ವಿಟ್ಜರ್ಲೆಂಡಿನಲ್ಲಿ ನೆಹರೂ ಅವರನ್ನು ಕಂಡು ಸಹಾಯ ಕೇಳಿದರು. ಮಾಸ್ಕೋದಲ್ಲಿದ್ದ ನಮ್ಮ ರಾಯಭಾರಿ ಕೆ.ಪಿ.ಎಸ್. ಮೆನನ್ ವಿಷಯ ಎತ್ತಿದರು. ಭಾರತವೇ ಬಿಡುಗಡೆ ಕೊಡಿಸಿತು ಅನ್ನುವುದು ಉತ್ಪ್ರೇಕ್ಷೆ. ಬಾಗಿಲು ತೆರೆದದ್ದು ‘ಯಾವ ಸೇನಾಕೂಟಕ್ಕೂ ಸೇರುವುದಿಲ್ಲ’ ಎಂಬ ಮಾತು. 1955ರ ಮೇ 15ರಂದು ಬೆಲ್ವೆಡೆರೆ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ತಟಸ್ಥ ನೀತಿಯ ಕಾನೂನು ಬಂದ ಅಕ್ಟೋಬರ್ 26 ಈಗ ಅವರ ರಾಷ್ಟ್ರೀಯ ದಿನ.

ಹ್ಯಾಬ್ಸ್‌ಬರ್ಗ್ ವಂಶದವರು ಈಗಲೂ ಇದ್ದಾರಾ?

ಇದ್ದಾರೆ, ಸಾಮಾನ್ಯ ನಾಗರಿಕರಾಗಿ. 1919ರ ಕಾನೂನು ಅವರ ಆಸ್ತಿ, ಪದವಿ ಕಿತ್ತುಕೊಂಡಿತು. ದೊಡ್ಡ ಮನೆತನದ ಗುರುತಾದ ‘ಫಾನ್’ ಅನ್ನು ಯಾರೂ ಹೆಸರಿನಲ್ಲಿ ಹಾಕಿಕೊಳ್ಳುವ ಹಾಗೂ ಇಲ್ಲ. ಕೊನೆಯ ಯುವರಾಜ ಒಟ್ಟೊ 1961ರಲ್ಲಿ ಹಕ್ಕು ಬಿಟ್ಟುಕೊಟ್ಟರು, ಆಮೇಲೆ ಜರ್ಮನಿಯಿಂದ ಯುರೋಪಿಯನ್ ಸಂಸತ್ತಿನಲ್ಲಿ ಇಪ್ಪತ್ತು ವರ್ಷ ಕೂತರು.

2011ರ ಜುಲೈನಲ್ಲಿ ಅವರ ಶವ ವಿಯೆನ್ನಾದ ಕಪುಚಿನ್ ಸಂನ್ಯಾಸಿಗಳ ನೆಲಮಾಳಿಗೆಗೆ ಬಂತು. ಬಾಗಿಲು ಮುಚ್ಚಿತ್ತು. ತಟ್ಟಿದರು. ‘ಯಾರು?’ ಅಂತ ಒಳಗಿನಿಂದ ಸಂನ್ಯಾಸಿ ಕೇಳಿದ. ಆಸ್ಟ್ರಿಯಾದ, ಹಂಗೇರಿಯ, ಬೊಹೀಮಿಯಾದ ಎಂದು ರಾಜಪದವಿಗಳ ಉದ್ದದ ಪಟ್ಟಿ ಓದಿದರು. ‘ಅವನನ್ನು ನಾವರಿಯೆವು.’ ಮತ್ತೆ ತಟ್ಟಿ, ಈ ಬಾರಿ ಡಾಕ್ಟರೇಟು, ಸಂಸತ್ ಸದಸ್ಯತ್ವ ಎಲ್ಲ ಹೇಳಿದರು. ಅದೇ ಉತ್ತರ. ಮೂರನೇ ಸಲ ‘ಒಟ್ಟೊ, ಸಾಯುವ, ಪಾಪ ಮಾಡಿದ ಒಬ್ಬ ಮನುಷ್ಯ’ ಅಂದಾಗ ಬಾಗಿಲು ತೆರೆಯಿತು. ಹೃದಯವನ್ನು ಮಾತ್ರ ಬೇರೆಯಾಗಿ ಹಂಗೇರಿಯ ಮಠವೊಂದರಲ್ಲಿ ಇಟ್ಟರು. ಹೃದಯ ಒಂದೆಡೆ, ದೇಹ ಒಂದೆಡೆ ಇಡುವುದು ಆ ಮನೆತನದ ಹಳೆಯ ಪದ್ಧತಿ.

ಭಾಷೆ ಜರ್ಮನ್. ಹಾಗಾದ್ರೆ ‘ನಾವು ಜರ್ಮನ್ನರಲ್ಲ’ ಅಂತ ಅವರಿಗೆ ಅನ್ನಿಸಿದ್ದು ಯಾವಾಗ?

1945ರ ಮೇಲೆ, ಅದೂ ನಿಧಾನವಾಗಿ. ಹ್ಯಾಬ್ಸ್‌ಬರ್ಗ್ ಕಾಲದಲ್ಲಿ ಜನರ ನಿಷ್ಠೆ ದೊರೆಗೆ ಮತ್ತು ತಂತಮ್ಮ ಸೀಮೆಗೆ. ಟಿರೋಲ್‌ನವನು ಟಿರೋಲ್‌ನವನೇ. ಭಾಷೆಯ ಲೆಕ್ಕದಲ್ಲಿ ಕೇಳಿದರೆ ‘ಜರ್ಮನ್’ ಅನ್ನುತ್ತಿದ್ದರು, ಅದರಲ್ಲಿ ಮುಜುಗರ ಏನೂ ಇರಲಿಲ್ಲ. ಹಿಟ್ಲರನ ಏಳು ವರ್ಷ, ಯುದ್ಧದ ಸೋಲು ಇವು ಆ ಪದವನ್ನೇ ಕಹಿ ಮಾಡಿದವು. ಜರ್ಮನ್ನರಿಂದ ದೂರ ನಿಂತರೆ ಹೊಣೆಯಿಂದಲೂ ದೂರ ನಿಲ್ಲಬಹುದು ಅನ್ನುವ ಜಾಣತನವೂ ಸೇರಿತ್ತು.

ಸರ್ಕಾರ ತನ್ನ ಕೈಲಾದದ್ದನ್ನು ಮಾಡಿತು. ಯುದ್ಧ ಮುಗಿದ ಕೆಲವು ವರ್ಷ ಶಾಲೆಯ ಅಂಕಪಟ್ಟಿಯಲ್ಲಿ ‘ಜರ್ಮನ್’ ಅಂತ ಬರೆಯದೆ ‘ಬೋಧನಾ ಭಾಷೆ’ ಅಂತ ಬರೆಯುತ್ತಿದ್ದರು. ಶಿಕ್ಷಣ ಸಚಿವ ಹುರ್ಡೆಸ್ ಹೆಸರು ಹಿಡಿದು ಜನ ಆ ಭಾಷೆಗೆ ‘ಹುರ್ಡೆಸ್ತಾನಿ’ ಅಂತ ಅಡ್ಡಹೆಸರಿಟ್ಟು ನಕ್ಕರು. 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗಲೂ ಆಲೂಗಡ್ಡೆ, ಟೊಮೆಟೊಗಳಿಗೆ ತಮ್ಮದೇ ಹೆಸರು ಇರಲಿ ಅಂತ 23 ತಿನಿಸು ಪದಗಳ ಪಟ್ಟಿಯನ್ನು ಒಪ್ಪಂದಕ್ಕೆ ಸೇರಿಸಿದರು.

ಇಂಥ ಪಟ್ಟಿಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ತಟಸ್ಥ ನೀತಿ, ಕೈಗೆ ಸಿಕ್ಕ ಸಂಬಳ, ಮತ್ತು ಫುಟ್ಬಾಲ್ ಅಂತ ನನ್ನ ಅಂದಾಜು. 1978ರ ಜೂನ್ 21ರಂದು ಅರ್ಜೆಂಟೀನಾದ ಕಾರ್ಡೊಬಾದಲ್ಲಿ ವಿಶ್ವಕಪ್ ಪಂದ್ಯ. ಆಸ್ಟ್ರಿಯಾಗೆ ಫೈನಲ್ ಆಸೆ ಆಗಲೇ ಮುಗಿದಿತ್ತು. ಹಾನ್ಸ್ ಕ್ರಾಂಕ್ಲ್ ಎರಡು ಗೋಲು ಹೊಡೆದ, ಹಾಲಿ ಚಾಂಪಿಯನ್ ಪಶ್ಚಿಮ ಜರ್ಮನಿ 3–2ರಲ್ಲಿ ಸೋತು ಮನೆಗೆ ಹೋಯಿತು. ‘ನನಗೆ ಹುಚ್ಚೇ ಹಿಡಿಯುತ್ತೆ!’ ಅಂತ ರೇಡಿಯೊದಲ್ಲಿ ಎಡಿ ಫಿಂಗರ್ ಕಿರುಚಿದ್ದನ್ನು ಆಸ್ಟ್ರಿಯಾದ ಮಕ್ಕಳೂ ಅನುಕರಿಸುತ್ತಾರೆ. ಆಸ್ಟ್ರಿಯಾ ಕೂಡ ಅದೇ ಸುತ್ತಿನಲ್ಲಿ ಮನೆಗೆ ಹೋಗಿತ್ತು ಅನ್ನುವುದನ್ನು ಅಲ್ಲಿ ಯಾರೂ ಎತ್ತುವುದಿಲ್ಲ.